ಪರ್ಸೆಂಟೇಜ್ ಒಂದೇ ಇದೆಯಲ್ಲ, ಹಾಗಾದ್ರೆ ಮೂಲನಿವಾಸಿಗಳಿಗೆ ಹೃದ್ರೋಗ ಜಾಸ್ತಿ ಅನ್ನೋದು ಹೇಗೆ?

ಪ್ರಶ್ನೆ: ನಾನು ಆಸ್ಟ್ರೇಲಿಯಾದಲ್ಲಿ ನರ್ಸಿಂಗ್ ಓದ್ತಾ ಇದ್ದೀನಿ, ಸದ್ಯದಲ್ಲೇ ನಾರ್ದರ್ನ್ ಟೆರಿಟರಿಗೆ ಪ್ಲೇಸ್‌ಮೆಂಟ್ ಇದೆ. ಅಬೊರಿಜಿನಲ್ ಮತ್ತು ಟೊರೆಸ್ ಸ್ಟ್ರೈಟ್ ಐಲ್ಯಾಂಡರ್ ಜನರಲ್ಲಿ, ಅಂದ್ರೆ ಇಲ್ಲಿನ ಮೂಲನಿವಾಸಿಗಳಲ್ಲಿ, ಹೃದ್ರೋಗ ತುಂಬಾ ಜಾಸ್ತಿ ಅಂತ ಕ್ಲಾಸಲ್ಲಿ ಹೇಳ್ತಾರೆ, ಆದ್ರೆ ಒಂದು ಟೇಬಲ್ ನೋಡಿದೆ, ಅದರಲ್ಲಿ ಹೃದಯ ರಕ್ತನಾಳದ ಕಾಯಿಲೆ ಇರೋರ ಪರ್ಸೆಂಟೇಜ್ ಎರಡೂ ಕಡೆ ಹತ್ತಿರ ಹತ್ತಿರ ಇದೆ. ಯಾವುದನ್ನ ನಂಬ್ಲಿ ಸರ್? ಮತ್ತೆ ಇದು ಜೀನ್ಸಾ ಇಲ್ಲ ಊಟದ್ದಾ? ನನ್ನ ಜೊತೆಲಿರೋ ಒಬ್ರು "ಅದು ಅವರ ರಕ್ತದಲ್ಲೇ ಇದೆ ಬಿಡು" ಅಂದ್ರು.

ಉತ್ತರ:

ಎರಡೂ ನಿಜ, ನೀವು ನೋಡಿದ ಟೇಬಲ್ಲೂ ಸುಳ್ಳಲ್ಲ, ಕ್ಲಾಸಲ್ಲಿ ಹೇಳಿದ್ದೂ ಸುಳ್ಳಲ್ಲ. ಎಡವಟ್ಟು ಆಗೋದು ವಯಸ್ಸಿನ ಹತ್ರ. ಮೊದಲು ಅದನ್ನೇ ಬಿಡಿಸ್ತೀನಿ, ಯಾಕಂದ್ರೆ ಇದು ಅರ್ಥ ಆಗದೆ ಮುಂದಿನ ಯಾವುದೂ ಸರಿಯಾಗಿ ಕೂರಲ್ಲ, ಮತ್ತೆ ನಿಜ ಹೇಳ್ಬೇಕಂದ್ರೆ ಡಾಕ್ಟರ್‌ಗಳೂ ಇಲ್ಲಿ ಎಡವ್ತಾರೆ.

2021ರ ಜನಗಣತಿ ಪ್ರಕಾರ ಆಸ್ಟ್ರೇಲಿಯಾದ ಮೂಲನಿವಾಸಿಗಳ ನಡು ವಯಸ್ಸು 24, ಅಂದ್ರೆ ಅರ್ಧ ಜನ 24ಕ್ಕಿಂತ ಚಿಕ್ಕೋರು. ಉಳಿದವರಲ್ಲಿ ಅದು 38ರ ಹತ್ರ. ಹೃದ್ರೋಗ ಅನ್ನೋದು ವಯಸ್ಸಿನ ಜೊತೆ ಏರೋ ಕಾಯಿಲೆ, ಹಾಗಾಗಿ ಇಷ್ಟು ಚಿಕ್ಕ ವಯಸ್ಸಿನ ಸಮುದಾಯದಲ್ಲಿ ಅದು ಕಡಿಮೆ ಇರಬೇಕಿತ್ತು, ಬಹಳ ಕಡಿಮೆ. ಸಮ ಇದೆ ಅಂದ್ರೇನೇ ಗಾಬರಿ ಬೀಳ್ಬೇಕಾದ ವಿಷಯ.

ಒಂದು ಊಹೆಯ ಲೆಕ್ಕ ಮಾಡಿ ನೋಡಿ. ಒಂದು ಗುಂಪಲ್ಲಿ 1000 ಜನ, ಅದರಲ್ಲಿ 800 ಜನ ನಲವತ್ತರ ಒಳಗಿನವರು, 200 ಜನ ಮೇಲಿನವರು. ಚಿಕ್ಕವರಲ್ಲಿ 100ಕ್ಕೆ 5 ಜನಕ್ಕೆ ಕಾಯಿಲೆ, ಅಂದ್ರೆ 40 ಜನ, ದೊಡ್ಡವರಲ್ಲಿ 100ಕ್ಕೆ 40, ಅಂದ್ರೆ 80 ಜನ, ಒಟ್ಟು 120. ಇನ್ನೊಂದು ಗುಂಪಲ್ಲೂ 1000 ಜನ, ಆದ್ರೆ ಅರ್ಧಕ್ಕರ್ಧ. ಚಿಕ್ಕವರು 500, ಅವರಲ್ಲಿ 100ಕ್ಕೆ 1, ಅಂದ್ರೆ 5 ಜನ, ದೊಡ್ಡವರು 500, ಅವರಲ್ಲಿ 100ಕ್ಕೆ 23, ಅಂದ್ರೆ 115 ಜನ, ಇಲ್ಲೂ ಒಟ್ಟು 120. ಟೇಬಲ್ಲಿನ ಕೊನೇ ಸಾಲಲ್ಲಿ ಎರಡೂ 12 ಪರ್ಸೆಂಟ್. ಆದ್ರೆ ಒಳಗೆ ಇಣುಕಿ ನೋಡಿದ್ರೆ ಮೊದಲ ಗುಂಪಿನ ಯುವಕರಿಗೆ ಐದು ಪಟ್ಟು ಕಾಯಿಲೆ, ದೊಡ್ಡವರಿಗೆ ಹೆಚ್ಚುಕಡಿಮೆ ಎರಡು ಪಟ್ಟು. ಇದಕ್ಕೇ ವಯಸ್ಸನ್ನ ಸಮ ಮಾಡಿ ಲೆಕ್ಕ ಹಾಕೋದು, ಹಾಗೆ ಹಾಕಿದಾಗ ಹೃದಯ ರಕ್ತನಾಳದ ಕಾಯಿಲೆಯಿಂದ ಸಾಯೋ ಪ್ರಮಾಣ ಮೂಲನಿವಾಸಿಗಳಲ್ಲಿ ಉಳಿದವರ ಎರಡು ಪಟ್ಟಿನ ಹತ್ತಿರಕ್ಕೆ ಬರುತ್ತೆ. ಆ "ಎರಡು ಪಟ್ಟು" ಅನ್ನೋದೂ ಸರಾಸರಿನೇ ಅನ್ನೋದು ಮರೀಬೇಡಿ, ಎಪ್ಪತ್ತು ದಾಟಿದವರಲ್ಲಿ ಅಂತರ ಕಡಿಮೆ, ಮೂವತ್ತು ನಲವತ್ತರ ವಯಸ್ಸಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ.

ಅದಕ್ಕೇ ನಾನು ಸ್ಟೂಡೆಂಟ್ಸ್‌ಗೆ "ಎಷ್ಟು ಜಾಸ್ತಿ" ಅಂತ ಕೇಳ್ಬೇಡಿ, "ಎಷ್ಟು ಬೇಗ" ಅಂತ ಕೇಳಿ ಅಂತೀನಿ. ಹಾರ್ಟ್ ಅಟ್ಯಾಕು, ಸ್ಟ್ರೋಕು, ಹಾರ್ಟ್ ಫೇಲ್ಯೂರು ಎಲ್ಲಾ ಇವರಲ್ಲಿ 10ರಿಂದ 20 ವರ್ಷ ಮುಂಚೆ ಬರುತ್ತೆ. ಮನೆ ನಡೆಸೋ ವಯಸ್ಸಲ್ಲಿ, ಮಕ್ಕಳು ಸ್ಕೂಲಿಗೆ ಹೋಗ್ತಿರೋವಾಗ. 2020-22ರ ಲೆಕ್ಕದಲ್ಲಿ ಮೂಲನಿವಾಸಿ ಗಂಡಸರ ನಿರೀಕ್ಷಿತ ಆಯಸ್ಸು 71.9 ವರ್ಷ, ಹೆಂಗಸರದ್ದು 75.6. ಉಳಿದವರಿಗಿಂತ ಗಂಡಸರಲ್ಲಿ 8.8 ವರ್ಷ, ಹೆಂಗಸರಲ್ಲಿ 8.1 ವರ್ಷ ಕಡಿಮೆ. ಈ ಅಂತರ ಕಟ್ಟಿರೋ ಇಟ್ಟಿಗೆಗಳಲ್ಲಿ ಹೃದ್ರೋಗ ಒಂದು ದೊಡ್ಡ ಇಟ್ಟಿಗೆ.

ಈಗ "ರಕ್ತದಲ್ಲೇ ಇದೆ" ಅನ್ನೋ ಮಾತಿಗೆ ಬರ್ತೀನಿ. ಈ ಮಾತು ಹೊಸದೇನಲ್ಲ, 1962ರಲ್ಲಿ ಜೇಮ್ಸ್ ನೀಲ್ ಅನ್ನೋ ತಳಿವಿಜ್ಞಾನಿ ಒಂದು ಊಹೆ ಮುಂದಿಟ್ರು, ಬರಗಾಲಕ್ಕೆ ಒಗ್ಗಿದ ಜನರ ದೇಹ ಸಿಕ್ಕಿದ್ದನ್ನೆಲ್ಲ ಕೂಡಿಡೋ ಜೀನ್ ಇಟ್ಕೊಂಡಿರುತ್ತೆ, ಊಟ ಯಥೇಚ್ಛ ಆದಾಗ ಅದೇ ಜೀನ್ ಶುಗರ್ ಕಾಯಿಲೆ ತರುತ್ತೆ ಅಂತ. ಕೇಳೋಕೆ ಚೆನ್ನಾಗಿದೆ, ಅದಕ್ಕೇ ಹಬ್ಬಿತು, ಆದ್ರೆ ಇಷ್ಟು ದಶಕ ಹುಡುಕಿದ್ರೂ ಈ ಅಂತರವನ್ನ ವಿವರಿಸೋ ಅಂಥ ಜೀನ್ ಕೈಗೆ ಸಿಕ್ಕಿಲ್ಲ.

ಸಿಕ್ಕಿರೋದು ಬೇರೆ ಥರದ ಸಾಕ್ಷಿ. 1982ರಲ್ಲಿ ಕೆರಿನ್ ಓಡೇ ಅನ್ನೋ ಸಂಶೋಧಕಿ ಪಶ್ಚಿಮ ಆಸ್ಟ್ರೇಲಿಯಾದ ಡರ್ಬಿ ಹತ್ರ ಒಂದು ಕೆಲಸ ಮಾಡಿದ್ರು. ಶುಗರ್ ಇದ್ದ 10 ಜನ ನಡುವಯಸ್ಸಿನ ಅಬೊರಿಜಿನಲ್ ಜನ, ತೂಕ ಜಾಸ್ತಿ ಇದ್ದವರು, 7 ವಾರ ತಮ್ಮ ನೆಲಕ್ಕೆ ವಾಪಸ್ ಹೋಗಿ ಹಳೇ ಪದ್ಧತಿಯಲ್ಲೇ ಬದುಕಿದ್ರು, ಬೇಟೆಯಾಡಿ ಗೆಡ್ಡೆ ಅಗೆದು ಮೀನು ಹಿಡಿದು ಕಾಂಗರೂ ತಿಂದು. ಸರಾಸರಿ 8 ಕೆಜಿ ಇಳಿದ್ರು. ಖಾಲಿ ಹೊಟ್ಟೆಯ ಶುಗರ್ 11.6 ಇದ್ದದ್ದು 6.6ಕ್ಕೆ ಬಂತು (ಅಲ್ಲಿ ಮಿಲಿಮೋಲ್ ಲೆಕ್ಕ, ಮಿಲಿಗ್ರಾಂ ಲೆಕ್ಕದಲ್ಲಿ 209ರಿಂದ 119ಕ್ಕೆ ಅಂತ ಇಟ್ಕೊಳ್ಳಿ). ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು 4ರಿಂದ 1.2ಕ್ಕೆ ಬಿತ್ತು. ಯಾವ ಮಾತ್ರೆಯೂ 7 ವಾರದಲ್ಲಿ ಇಷ್ಟೆಲ್ಲಾ ಒಟ್ಟಿಗೆ ಮಾಡಲ್ಲ. ಹತ್ತೇ ಜನ, ಹೋಲಿಸೋಕೆ ಪಕ್ಕದಲ್ಲಿ ಇನ್ನೊಂದು ಗುಂಪು ಇರಲಿಲ್ಲ, ದಿನಕ್ಕೆ ಸುಮಾರು 1200 ಕ್ಯಾಲರಿ ಅಷ್ಟೇ ಸಿಗ್ತಿತ್ತು, ಹಾಗಾಗಿ ಇದನ್ನ ಇಟ್ಕೊಂಡು "ಎಲ್ಲರೂ ಕಾಡಿಗೆ ಹೋಗಿ" ಅಂತ ಯಾರಾದ್ರೂ ಹೇಳಿದ್ರೆ ಅದು ಮೂರ್ಖತನ. ಆದ್ರೆ ಅದೇ ರಕ್ತ, ಅದೇ ಜೀನ್ಸ್, ಬೇರೆ ಬದುಕು, ಬೇರೆ ರಿಪೋರ್ಟ್, ಅಷ್ಟಂತೂ ಕಣ್ಣಿಗೆ ಕಾಣುತ್ತೆ.

ಇನ್ನೂ ಅನುಮಾನ ಇದ್ರೆ ಬೊಲಿವಿಯಾ ಕಡೆ ನೋಡಿ. ಅಮೆಜಾನ್ ಅಂಚಿನ ಚಿಮಾನೆ ಜನ, ಅವರೂ ಮೂಲನಿವಾಸಿಗಳೇ, 2017ರಲ್ಲಿ ಅವರಲ್ಲಿ 705 ಜನರ ಹೃದಯದ ಸ್ಕ್ಯಾನ್ ವರದಿ ಬಂತು, 85 ಪರ್ಸೆಂಟ್ ಜನರ ರಕ್ತನಾಳದಲ್ಲಿ ಕ್ಯಾಲ್ಸಿಯಂ ಶೂನ್ಯ, ಅಂದ್ರೆ ನಾಳ ಗಟ್ಟಿಯಾಗಿರೋ ಗುರುತೇ ಇಲ್ಲ, 80 ವರ್ಷದ ಅಜ್ಜನ ರಕ್ತನಾಳ ಐವತ್ತೈದರ ಆಸುಪಾಸಿನ ಅಮೆರಿಕನ್ ಥರ. ಬ್ರೆಜಿಲ್ಲಿನ ಯಾನೊಮಾಮಿ ಜನರಲ್ಲಿ ವಯಸ್ಸಾದ್ರೂ ಬಿಪಿ ಏರೋದೇ ಇಲ್ಲ ಅಂತ 1988ರಲ್ಲಿ ಇಂಟರ್‌ಸಾಲ್ಟ್ ಅನ್ನೋ ದೊಡ್ಡ ಅಧ್ಯಯನ ತೋರಿಸ್ತು, ಅವರು ಉಪ್ಪು ತಿನ್ನೋದು ಇಲ್ಲ ಅನ್ನೋಷ್ಟು ಕಡಿಮೆ. "ಮೂಲನಿವಾಸಿ ಹೃದಯ" ಅನ್ನೋ ಒಂದು ವಸ್ತುವೇ ಇಲ್ಲ ಕಣ್ರೀ. ಒಂದು ಕಡೆ ಜಗತ್ತಲ್ಲೇ ಒಳ್ಳೇ ರಕ್ತನಾಳ, ಇನ್ನೊಂದು ಕಡೆ ಮೂವತ್ತೈದಕ್ಕೇ ಹಾರ್ಟ್ ಅಟ್ಯಾಕ್.

ಹಾಗಾದ್ರೆ ಆಸ್ಟ್ರೇಲಿಯಾದಲ್ಲಿ ನಡುವೆ ಏನಾಯ್ತು? ಇತಿಹಾಸ ಓದದೆ ಇಲ್ಲಿ ಹೃದ್ರೋಗ ಅರ್ಥ ಆಗಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ. ನೆಲ ಕಳ್ಕೊಂಡ ಜನರನ್ನ ಚರ್ಚಿನ ಮಿಷನ್‌ಗಳಲ್ಲಿ, ದನದ ಫಾರಂಗಳಲ್ಲಿ ಇಟ್ಟು ಕೂಲಿ ಬದಲು ರೇಷನ್ ಕೊಡ್ತಿದ್ರು, ಬಿಳಿ ಹಿಟ್ಟು, ಸಕ್ಕರೆ, ಟೀ ಸೊಪ್ಪು, ಜೊತೆಗೆ ತಂಬಾಕು. ಹೌದು, ತಂಬಾಕು ಕೂಲಿಯ ಭಾಗ. ತಲೆಮಾರುಗಟ್ಟಲೆ ಹೀಗೆ ನಡೀತು. 1966ರಲ್ಲಿ ವೇವ್ ಹಿಲ್ ಅನ್ನೋ ಫಾರಂನಲ್ಲಿ ವಿನ್ಸೆಂಟ್ ಲಿಂಗಿಯಾರಿ ಮುಂದಾಳತ್ವದಲ್ಲಿ ಗುರಿಂಜಿ ಅನ್ನೋ ಮೂಲನಿವಾಸಿ ಜನ ಕೆಲಸ ಬಿಟ್ಟು ಹೊರನಡೆದ ಕಥೆ ನೀವು ಟೆರಿಟರಿಗೆ ಹೋದಮೇಲೆ ಕೇಳೇ ಕೇಳ್ತೀರ. ಆಮೇಲೆ ಸಮಾನ ಕೂಲಿಯ ಆದೇಶ ಜಾರಿಗೆ ಬಂತು, ಒಳ್ಳೇದೇ, ಆದ್ರೆ ಕೂಲಿ ಕೊಡೋಕೆ ಮನಸ್ಸಿಲ್ಲದ ಎಷ್ಟೋ ಮಾಲೀಕರು ಜನರನ್ನೇ ಹೊರಗೆ ಹಾಕಿದ್ರು, ಅವರು ಊರಂಚಿನ ಕ್ಯಾಂಪ್‌ಗಳಿಗೆ ಬಂದು ಬಿದ್ರು. 2018-19ರಲ್ಲೂ 15 ವರ್ಷ ಮೇಲ್ಪಟ್ಟ ಮೂಲನಿವಾಸಿಗಳಲ್ಲಿ 37 ಪರ್ಸೆಂಟ್ ದಿನಾ ಸಿಗರೇಟ್ ಸೇದ್ತಿದ್ರು ಅನ್ನೋದನ್ನ "ಕೆಟ್ಟ ಚಟ" ಅಂತ ಒಂದೇ ಪದದಲ್ಲಿ ಮುಗಿಸೋರಿಗೆ ಈ ರೇಷನ್ ಕಥೆ ಹೇಳಿ. ಒಂದು ಸಮಾಧಾನ, 2008ರಲ್ಲಿ ಅದು 45 ಪರ್ಸೆಂಟ್ ಇತ್ತು, ಇಳೀತಾ ಇದೆ, ಯುವಕರಲ್ಲಿ ಚೆನ್ನಾಗಿ ಇಳೀತಾ ಇದೆ. ಹೃದ್ರೋಗದ ಸಾವುಗಳೂ 1998ರ ನಂತರ ಒಳ್ಳೆ ಪ್ರಮಾಣದಲ್ಲಿ ಇಳಿದಿವೆ, ಉಳಿದವರಲ್ಲೂ ಇಳಿದಿರೋದ್ರಿಂದ ಅಂತರ ಮುಚ್ಚೋಕೆ ಟೈಮ್ ಹಿಡೀತಿದೆ ಅಷ್ಟೇ.

ಇದುವರೆಗೂ ಹೇಳಿದ್ದು ರಕ್ತನಾಳ ಕಟ್ಟೋ ಕಾಯಿಲೆ. ನೀವು ಹೋಗ್ತಿರೋ ಜಾಗದಲ್ಲಿ ಇನ್ನೊಂದು ಕಾಯಿಲೆ ನೋಡ್ತೀರ, ಸಿಡ್ನಿ ಮೆಲ್ಬರ್ನ್‌ನಲ್ಲಿ ಟ್ರೇನಿಂಗ್ ಆದವರು ಬರೀ ಪುಸ್ತಕದಲ್ಲಿ ನೋಡಿರ್ತಾರೆ. ರುಮ್ಯಾಟಿಕ್ ಹೃದ್ರೋಗ. ಸ್ಟ್ರೆಪ್ ಎ ಅನ್ನೋ ಬ್ಯಾಕ್ಟೀರಿಯಾ ಮಗುವಿನ ಗಂಟಲಿಗೋ ಚರ್ಮಕ್ಕೋ ಬರುತ್ತೆ, ಗಂಟಲು ನೋವು, ಕೀವು ಗುಳ್ಳೆ, ಕಜ್ಜಿ ಕೆರೆದ ಗಾಯ, ಏನೂ ದೊಡ್ಡದಲ್ಲ ಅನ್ಸುತ್ತೆ. ಅದರ ವಿರುದ್ಧ ಎದ್ದ ದೇಹದ ರಕ್ಷಣಾ ಪಡೆ ಕೆಲವು ಮಕ್ಕಳಲ್ಲಿ ಗುರಿ ತಪ್ಪಿ ಸ್ವಂತ ಹೃದಯದ ವಾಲ್ವ್ ಮೇಲೇ ಬೀಳುತ್ತೆ. ಜ್ವರ, ಕೀಲು ನೋವು ಬಂದು ಹೋಗುತ್ತೆ (ಇದಕ್ಕೇ ರುಮ್ಯಾಟಿಕ್ ಜ್ವರ ಅನ್ನೋದು), 5ರಿಂದ 14 ವರ್ಷದ ಮಕ್ಕಳಲ್ಲಿ ಹೆಚ್ಚು, ಕೀಲು ನೋವಿಗೆ ಆಟದಲ್ಲಿ ಬಿದ್ದಿರಬೇಕು ಅಂದ್ಕೊಂಡು ಮನೆಯವರೂ ಸುಮ್ನಾಗ್ತಾರೆ, ಕ್ಲಿನಿಕ್ಕಿನವರೂ ಎಷ್ಟೋ ಸಲ ಸುಮ್ನಾಗ್ತಾರೆ, ಮತ್ತೆ ಮತ್ತೆ ಬಂದಾಗ ವಾಲ್ವ್ ಗಟ್ಟಿಯಾಗುತ್ತೆ ಇಲ್ಲ ಸೋರುತ್ತೆ. ಆಸ್ಟ್ರೇಲಿಯಾದ ಉಳಿದ ಜನರಲ್ಲಿ ಇದು ಹೆಚ್ಚುಕಡಿಮೆ ಮಾಯ ಆಗಿ ದಶಕಗಳಾಯ್ತು, ಈಗ ಅಲ್ಲಿ ದಾಖಲಾಗೋ ರುಮ್ಯಾಟಿಕ್ ಜ್ವರದ ಕೇಸುಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮೂಲನಿವಾಸಿಗಳದ್ದೇ, ಅವರು ದೇಶದ ಜನಸಂಖ್ಯೆಯಲ್ಲಿ ಬರೀ 3.8 ಪರ್ಸೆಂಟ್ ಇದ್ದಾಗ!

ಹೃದ್ರೋಗದ ಅಂತರ ಅಂದ್ರೇನು ಅಂತ ಒಂದೇ ಉದಾಹರಣೆ ಕೇಳಿದ್ರೆ ನಾನು ಇದನ್ನೇ ಕೊಡ್ತೀನಿ, ಯಾಕಂದ್ರೆ ಇಲ್ಲಿ "ನೀನು ತಿಂದೆ, ನೀನು ಸೇದಿದೆ" ಅಂತ ಬೊಟ್ಟು ಮಾಡೋಕೆ ಯಾರೂ ಸಿಗಲ್ಲ. ಆರು ವರ್ಷದ ಮಗು. ಕಾರಣ ಏನಂದ್ರೆ ಒಂದು ಮನೇಲಿ ಹಿಡಿಸೋದಕ್ಕಿಂತ ಎಷ್ಟೋ ಹೆಚ್ಚು ಜನ, ಒಂದೇ ಹಾಸಿಗೆಯಲ್ಲಿ ಮೂರು ಮಕ್ಕಳು, ಕೆಟ್ಟ ನಲ್ಲಿ ರಿಪೇರಿ ಮಾಡೋಕೆ ಪ್ಲಂಬರ್ ನೂರಾರು ಕಿಲೋಮೀಟರ್‌ನಿಂದ ಬರಬೇಕು, ಬಟ್ಟೆ ಒಗೆಯೋ ಮೆಷಿನ್ ಕೆಲಸ ಮಾಡಲ್ಲ. ಈ ರೋಗಕ್ಕೆ ಮೊದಲ ಔಷಧಿ ಬಿಸಿನೀರು ಬರೋ ನಲ್ಲಿ ಅಂತ ನಾನು ಹೇಳಿದ್ರೆ ಕೆಲವು ಹೃದ್ರೋಗ ತಜ್ಞರು ನಗ್ತಾರೆ, ನಗಲಿ.

ಎರಡನೇ ಔಷಧಿ ಪೆನ್ಸಿಲಿನ್. ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ 28 ದಿನಕ್ಕೊಂದು ಬೆಂಜಥೀನ್ ಪೆನ್ಸಿಲಿನ್ ಇಂಜೆಕ್ಷನ್, ಕನಿಷ್ಠ 5 ವರ್ಷ ಅಥವಾ 21 ವಯಸ್ಸು ತುಂಬೋವರೆಗೆ, ಯಾವುದು ಮುಂದೆ ಹೋಗುತ್ತೋ ಅದು, ವಾಲ್ವ್ ಜಾಸ್ತಿ ಹಾಳಾಗಿದ್ರೆ ಇನ್ನೂ ಎಷ್ಟೋ ವರ್ಷ. ಆ ಇಂಜೆಕ್ಷನ್ ಎಷ್ಟು ನೋಯುತ್ತೆ ಅನ್ನೋದು ಕೊಡೋ ನಿಮಗೆ ಬೇಗ ಗೊತ್ತಾಗುತ್ತೆ, ದಪ್ಪ ಔಷಧಿ, ನಿಧಾನಕ್ಕೆ ಒತ್ತಬೇಕು. ಹದಿಹರೆಯದ ಹುಡುಗ ತಪ್ಪಿಸ್ಕೊಂಡ್ರೆ "ಸಹಕರಿಸ್ತಿಲ್ಲ" ಅಂತ ಫೈಲಲ್ಲಿ ಬರೆಯೋ ಮುಂಚೆ ಲೆಕ್ಕ ಹಾಕಿ, ವರ್ಷಕ್ಕೆ 13 ಇಂಜೆಕ್ಷನ್, ಹತ್ತು ವರ್ಷಕ್ಕೆ 130. ಟೆರಿಟರಿಯಲ್ಲಿ ಇದಕ್ಕೇ ಅಂತ 1997ರಿಂದ ಒಂದು ರಿಜಿಸ್ಟರ್ ನಡೀತಿದೆ, ಯಾರಿಗೆ ಯಾವತ್ತು ಮುಂದಿನ ಡೋಸ್ ಅಂತ ಅದರಲ್ಲಿರುತ್ತೆ, ಮೊದಲ ವಾರವೇ ಅದನ್ನ ನೋಡೋದು ಕಲೀರಿ. ಇನ್ನೊಂದು, ಈ ವಾಲ್ವ್ ಕಾಯಿಲೆ ಹೆಣ್ಣುಮಕ್ಕಳಲ್ಲಿ ಜಾಸ್ತಿ, ಎಷ್ಟೋ ಸಲ ಗರ್ಭಿಣಿ ಆದಾಗ ಹೃದಯಕ್ಕೆ ಹೊರೆ ಹೆಚ್ಚಾಗಿ ಮೊದಲ ಸಲ ಬಯಲಾಗುತ್ತೆ. ಬಸುರಿಯೊಬ್ಬಳು ಮಲಗಿದ್ರೆ ಉಸಿರು ಕಟ್ಟುತ್ತೆ ಅಂದ್ರೆ ಬಸುರಿಗೆ ಅದು ಸಹಜ ಅಂತ ಕಳಿಸ್ಬೇಡಿ, ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಮಾಡಿಸೋಕೆ ಹೇಳಿ.

ಕಿಡ್ನಿ ವಿಷಯ ಚಿಕ್ಕದಾಗಿ. ಈ ಸಮುದಾಯದಲ್ಲಿ ಶುಗರು, ಕಿಡ್ನಿ, ಹೃದಯ ಮೂರೂ ಒಂದೇ ಹಗ್ಗದ ಮೂರು ಎಳೆ, ಮೂತ್ರದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಸೋರ್ತಾ ಇದ್ರೆ ಹೃದಯಕ್ಕೂ ಅಪಾಯ ಅಂತಲೇ ಅರ್ಥ, ಆ ಮೂತ್ರ ಪರೀಕ್ಷೆ ಅಗ್ಗದ್ದು ಸುಲಭದ್ದು, ಬಿಡಬೇಡಿ.

ಆಸ್ಪತ್ರೆಗೆ ಬಂದ ಮೇಲಾದ್ರೂ ಎಲ್ಲಾ ಸಮನಾ? ಅಲ್ಲ. ಹಾರ್ಟ್ ಅಟ್ಯಾಕ್ ಆಗಿ ಅಡ್ಮಿಟ್ ಆದ ಮೂಲನಿವಾಸಿ ರೋಗಿಗಳಿಗೆ ಆಂಜಿಯೋಗ್ರಾಂ, ಸ್ಟೆಂಟ್ ಆಗೋ ಸಾಧ್ಯತೆ ಉಳಿದವರಿಗಿಂತ ಕಡಿಮೆ ಅಂತ ಅಲ್ಲಿನ ರಾಷ್ಟ್ರೀಯ ಅಂಕಿಅಂಶಗಳೇ ಮತ್ತೆ ಮತ್ತೆ ತೋರಿಸಿವೆ. ದೂರ ಒಂದು ಕಾರಣ, ವಾಲ್ವ್ ಆಪರೇಷನ್‌ಗೆ ಆಲಿಸ್ ಸ್ಪ್ರಿಂಗ್ಸ್ ರೋಗಿ ಅಡಿಲೇಡ್‌ಗೆ ಹೋಗಬೇಕು ಅಂದ್ರೆ ರಸ್ತೆಯಲ್ಲಿ 1500 ಕಿಲೋಮೀಟರ್. ಆದ್ರೆ ದೂರ ಒಂದೇ ಅಲ್ಲ. ದೂರದ ಊರುಗಳ ಎಷ್ಟೋ ಜನಕ್ಕೆ ಇಂಗ್ಲಿಷ್ ಮೂರನೇ ನಾಲ್ಕನೇ ಭಾಷೆ, ಡಾಕ್ಟರ್ ಗಡಿಬಿಡಿಯಲ್ಲಿ ಹೇಳಿದ್ದಕ್ಕೆಲ್ಲ ರೋಗಿ "ಯೆಸ್" ಅಂತಾರೆ, ಆ ಯೆಸ್ ಅಂದ್ರೆ ಒಪ್ಪಿಗೆ ಅಲ್ಲ, "ನೀನು ಬೇಗ ಹೋಗಪ್ಪ" ಅಂತ. ಇಂಟರ್‌ಪ್ರಿಟರ್ ಕರೆಸೋದು ನಿಮ್ಮ ಕೈಲಿರೋ ಕೆಲಸ, ಟೆರಿಟರಿಯಲ್ಲಿ ಅದಕ್ಕೆ ಸರ್ಕಾರಿ ಸೇವೆಯೇ ಇದೆ. ಊರಲ್ಲಿ ಸಾವಾದ್ರೆ "ಸಾರಿ ಬಿಸಿನೆಸ್" ಅಂತಾರೆ, ದಿನಗಟ್ಟಲೆ ನಡೆಯೋ ಸಾವಿನ ಕಾರ್ಯ, ಅದಕ್ಕೆ ಹೋಗಲೇಬೇಕು, ರೋಗಿ ಅರ್ಧಕ್ಕೆ ಎದ್ದು ಹೋದ್ರು ಅಂತ ಬರೆಯೋ ಬದಲು ಯಾವತ್ತು ವಾಪಸ್ ಬರ್ತೀರ, ಮಾತ್ರೆ ಎಷ್ಟು ದಿನಕ್ಕೆ ಕೊಡ್ಲಿ ಅಂತ ಕೇಳಿದ್ರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

ಅಪಾಯ ಅಳೆಯೋ ಲೆಕ್ಕಾಚಾರದಲ್ಲೂ ಇದೇ ತೊಂದರೆ ಇತ್ತು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಬಹುತೇಕ ಬಿಳಿ ಜನರ ಮೇಲೆ ಮಾಡಿದ ಸ್ಕೋರನ್ನ ಇಲ್ಲಿ ಹಾಕಿದಾಗ ನಿಜವಾದ ಅಪಾಯಕ್ಕಿಂತ ಎಷ್ಟೋ ಕಡಿಮೆ ತೋರಿಸ್ತಿತ್ತು, ಅದರಲ್ಲೂ ಚಿಕ್ಕ ವಯಸ್ಸಿನ ಹೆಂಗಸರಲ್ಲಿ. 2023ರ ಆಸ್ಟ್ರೇಲಿಯಾದ ಗೈಡ್‌ಲೈನ್ ಹೊಸ ಸ್ಕೋರ್ ತಂದಿದೆ, ನ್ಯೂಜಿಲ್ಯಾಂಡಿನ ಅಂಕಿಅಂಶದ ಮೇಲೆ ಕಟ್ಟಿದ್ದು. ಉಳಿದವರಿಗೆ 45ರಿಂದ, ಶುಗರ್ ಇದ್ರೆ 35ರಿಂದ, ಮೂಲನಿವಾಸಿಗಳಿಗೆ 30ರಿಂದಲೇ ಲೆಕ್ಕ ಹಾಕಿ ಅನ್ನುತ್ತೆ, 18ರಿಂದ 29ರವರಿಗೂ ಬಿಪಿ, ಶುಗರ್, ಕೊಲೆಸ್ಟ್ರಾಲ್ ಥರದ್ದನ್ನ ಒಂದೊಂದಾಗಿ ನೋಡಿ ಅನ್ನುತ್ತೆ. ನಲವತ್ತರೊಳಗೇ ಅಟ್ಯಾಕ್ ಆಗೋ ಜನಕ್ಕೆ 45ಕ್ಕೆ ಸ್ಕ್ರೀನಿಂಗ್ ಅಂದ್ರೆ ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಅಲ್ವಾ.

ಏನು ಕೆಲಸ ಮಾಡುತ್ತೆ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಬರೀ ಕೆಟ್ಟ ಸುದ್ದಿ ತಲೆಗೆ ತುಂಬ್ಕೊಂಡು ಹೋದ್ರೆ ಜನರನ್ನ ಬರೀ ರೋಗಿಗಳಾಗೇ ನೋಡ್ತೀರ. ಆಲಿಸ್ ಸ್ಪ್ರಿಂಗ್ಸ್‌ನ ಈಶಾನ್ಯಕ್ಕೆ ಯುಟೋಪಿಯಾ ಅಂತ ಒಂದು ಪ್ರದೇಶ ಇದೆ, ಅಲ್ಲಿ ಜನ ಒಂದೇ ಕಡೆ ಗುಂಪಾಗಿ ಇಲ್ಲ, ತಮ್ಮ ತಮ್ಮ ಪೂರ್ವಿಕರ ನೆಲದಲ್ಲಿ ಚಿಕ್ಕ ಚಿಕ್ಕ ಹಟ್ಟಿಗಳಾಗಿ ಹರಡ್ಕೊಂಡಿದ್ದಾರೆ, ಓಡಾಟ ಜಾಸ್ತಿ, ಬೇಟೆ ಇನ್ನೂ ಇದೆ, ಆರೋಗ್ಯ ಸೇವೆ ಅವರದೇ ಕೈಲಿದೆ, ನರ್ಸ್‌ಗಳು ಹಟ್ಟಿಗಳಿಗೇ ಹೋಗ್ತಾರೆ. ಹತ್ತು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನ 2008ರಲ್ಲಿ ಬಂತು, ಟೆರಿಟರಿಯ ಉಳಿದ ಮೂಲನಿವಾಸಿಗಳಿಗಿಂತ ಸಾವಿನ ಪ್ರಮಾಣ ಅಲ್ಲಿ ಸ್ಪಷ್ಟವಾಗಿ ಕಡಿಮೆ, ಹೃದ್ರೋಗದ್ದೂ ಸೇರಿ. ಬಡತನ ಅಲ್ಲೂ ಇತ್ತು ಅನ್ನೋದು ಗಮನಿಸಿ. ನನ್ನ ಓದು ಏನಂದ್ರೆ, ತಮ್ಮ ಬದುಕಿನ ಲಗಾಮು ತಮ್ಮ ಕೈಲಿರೋದಕ್ಕೂ ರಕ್ತನಾಳಕ್ಕೂ ಸಂಬಂಧ ಇದೆ. ಸಮುದಾಯವೇ ನಡೆಸೋ ಕ್ಲಿನಿಕ್ ಅನ್ನೋ ಕಲ್ಪನೆಯೂ ಹೊಸದಲ್ಲ, ಮೊದಲನೇದು 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಶುರುವಾಯ್ತು.

ಕಾನ್ಯೀನಿ ಅನ್ನೋ ಹೆಸರಲ್ಲಿ ಇನ್ನೊಂದು ಟ್ರಯಲ್ ನಡೀತು, ಕಾನ್ಯೀನಿ ಅಂದ್ರೆ ಪಿಚಂಜಾರ ಭಾಷೆಯಲ್ಲಿ ಜೋಪಾನ ಮಾಡೋದು, ಹೊಣೆ ಹೊರೋದು ಅನ್ನೋ ಅರ್ಥ. ನಾಲ್ಕು ಮಾತ್ರೆ ಬದಲು ಎಲ್ಲಾ ಸೇರಿಸಿ ಒಂದೇ ಮಾತ್ರೆ ಕೊಟ್ರೆ ಜನ ತಗೊಳ್ತಾರಾ ಅಂತ 623 ಜನರಲ್ಲಿ ನೋಡಿದ್ರು, ಸುಮಾರು ಅರ್ಧ ಮೂಲನಿವಾಸಿಗಳು. ಒಂದೇ ಮಾತ್ರೆ ಗುಂಪಲ್ಲಿ 70 ಪರ್ಸೆಂಟ್ ಜನ ಸರಿಯಾಗಿ ತಗೊಂಡ್ರು, ಮಾಮೂಲಿ ಗುಂಪಲ್ಲಿ 47. ಬಿಪಿ, ಕೊಲೆಸ್ಟ್ರಾಲ್‌ನಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಬರಲಿಲ್ಲ, ಅದನ್ನೂ ಹೇಳ್ಬೇಕು. ದೂರದ ಊರಿನ 20 ಅಂಗಡಿಗಳಲ್ಲಿ 12 ವಾರ ಸಿಹಿ ಪಾನೀಯ, ಬಿಸ್ಕತ್ತು ಇತ್ಯಾದಿಗಳ ಪ್ರಚಾರ, ಆಫರ್ ನಿಲ್ಲಿಸಿ ನೋಡಿದ ಟ್ರಯಲ್ ಕೂಡ ಇದೆ, ಸಕ್ಕರೆ ಮಾರಾಟ ಸ್ವಲ್ಪ ಇಳೀತು, ಅಂಗಡಿ ವ್ಯಾಪಾರಕ್ಕೆ ಪೆಟ್ಟು ಬೀಳಲಿಲ್ಲ, ಮತ್ತೆ ಇದನ್ನ ಒಪ್ಪಿ ಮಾಡಿದ್ದು ಅಲ್ಲಿನ ಸಮುದಾಯದ್ದೇ ಅಂಗಡಿ ಸಂಸ್ಥೆ.

ಕೊನೆಗೆ ನಿಮ್ಮ ಕೆಲಸಕ್ಕೆ ಬರೋ ಒಂದು ವಿಷಯ. ಅಡ್ಮಿಷನ್ ಫಾರಂನಲ್ಲಿ "ನೀವು ಅಬೊರಿಜಿನಲ್ ಅಥವಾ ಟೊರೆಸ್ ಸ್ಟ್ರೈಟ್ ಐಲ್ಯಾಂಡರ್ ಮೂಲದವರಾ" ಅಂತ ಒಂದು ಪ್ರಶ್ನೆ ಇರುತ್ತೆ. ಎಷ್ಟೋ ಜನ ಸಂಕೋಚಕ್ಕೆ ಕೇಳಲ್ಲ, ಮುಖ ನೋಡಿ "ಇಲ್ಲ" ಅಂತ ಟಿಕ್ ಹಾಕಿ ಮುಂದೆ ಹೋಗ್ತಾರೆ. ಮೈಬಣ್ಣ ನೋಡಿ ಇದು ಗೊತ್ತಾಗಲ್ಲ. ಆ ಟಿಕ್ ತಪ್ಪಾದ್ರೆ ಸರ್ಕಾರಿ ಮೆಡಿಕೇರ್ ಯೋಜನೆಯಲ್ಲಿ ಮೂಲನಿವಾಸಿಗಳಿಗೆ ವರ್ಷಕ್ಕೊಮ್ಮೆ ಸಿಗೋ 715 ನಂಬರಿನ ಉಚಿತ ಹೆಲ್ತ್ ಚೆಕ್ ಆ ಮನುಷ್ಯನಿಗೆ ತಪ್ಪುತ್ತೆ, ಔಷಧಿಯ ರಿಯಾಯಿತಿ ತಪ್ಪುತ್ತೆ, 30ಕ್ಕೆ ಆಗಬೇಕಾದ ಹೃದಯದ ಲೆಕ್ಕ 45ಕ್ಕೆ ಹೋಗುತ್ತೆ, ಮತ್ತೆ ನೀವು ನೋಡಿದ ಆ ಟೇಬಲ್‌ನಲ್ಲಿ ಅವರು ತಪ್ಪು ಕಾಲಂನಲ್ಲಿ ಕೂರ್ತಾರೆ. ಬಂದ ಪ್ರತಿಯೊಬ್ಬರಿಗೂ ಕೇಳಿ, ಕೆಂಪು ಕೂದಲಿನ ಅಜ್ಜಿಗೂ.